ಒಂದು ಮೆಣಸುಕಾಳಿನ ಗೇಣಿ

‘ಲೀಸು’ ಎಂಬ ಮಾತು ಬೆಂಗಳೂರಿನ ಗೃಹಿಣಿಯರಿಗೆ ಹೊಸದಲ್ಲ. ಒಂದಿಷ್ಟು ಲಕ್ಷ ರೂಪಾಯಿಯನ್ನು ಮನೆಯೊಡೆಯರ ಕೈಯಲ್ಲಿಟ್ಟು, ಎರಡು-ಮೂರು ವರ್ಷ ತಿಂಗಳ ಬಾಡಿಗೆಯ ಗೊಡವೆಯಿಲ್ಲದೆ ಇದ್ದು, ಬಿಟ್ಟು ಹೋಗುವಾಗ ಅಷ್ಟೂ ಹಣವನ್ನು ಎಣಿಸಿಕೊಂಡು ಹೊರಡುವ ಏರ್ಪಾಟಿಗೆ ಅಲ್ಲಿ ಆ ಹೆಸರು. ಹಳಬರು ಅದನ್ನು ಭೋಗ್ಯವೆನ್ನುತ್ತಿದ್ದರು. ಲಂಡನ್ನಿನ ಲೀಸು ಇದಕ್ಕೆ ತಮ್ಮನೂ ಅಲ್ಲ, ದಾಯಾದಿಯೂ ಅಲ್ಲ. ಇಲ್ಲಿ ಫ್ಲ್ಯಾಟಿನ ಪೂರ್ಣ ಬೆಲೆಯನ್ನು ತೆತ್ತು, ಅದಕ್ಕಾಗಿ ಇಪ್ಪತ್ತೈದು ವರ್ಷದ ಸಾಲವನ್ನು ಹೊತ್ತು, ಬೀಗದ ಕೈಯನ್ನು ಪಡೆದ ಮೇಲೂ ನಮ್ಮ ಕೈಗೆ ಬರುವುದು ಇಷ್ಟು ವರ್ಷ ಇಲ್ಲಿ ಇರಬಹುದೆಂಬ ಹಕ್ಕು ಮಾತ್ರ. ಅವಧಿ ಮುಗಿದ ದಿನ ಗೋಡೆ, ಕಿಟಕಿ, ಅಡುಗೆಮನೆಯ ಕಟ್ಟೆ ಸಮೇತ ಎಲ್ಲವೂ ಜಮೀನಿನ ಒಡೆಯನಿಗೆ ಮರಳತಕ್ಕದ್ದು. ಕೊಟ್ಟ ಹಣ ಮಾತ್ರ ಮರಳುವುದಿಲ್ಲ.

2015ರ ನವೆಂಬರಿನಲ್ಲಿ ನಾವು ಹ್ಯಾರೋ ಕಡೆಯಲ್ಲಿ ಎರಡು ಮಲಗುವ ಕೋಣೆಗಳ ಒಂದು ಫ್ಲ್ಯಾಟನ್ನು ಕೊಂಡೆವು. ಥೇಮ್ಸ್ ದಂಡೆಯಲ್ಲಿ ಬಸವೇಶ್ವರರ ಪುತ್ಥಳಿಯ ಅನಾವರಣವಾದ ತಿಂಗಳು ಅದು. ಲಂಡನ್ನಿನ ಕನ್ನಡಿಗರು ಯಾರೂ ಮರೆತಿಲ್ಲ. ಫ್ಲ್ಯಾಟಿನ ಲೀಸು 1999ರ ಮಾರ್ಚ್ 25ರಿಂದ 99 ವರ್ಷ. ಮಾರ್ಚ್ 25 ಇಂಗ್ಲಿಷರಿಗೆ ‘ಲೇಡಿ ಡೇ’. 1752ಕ್ಕಿಂತ ಮುಂಚೆ ಅವರ ಹೊಸ ವರ್ಷ ಹುಟ್ಟುತ್ತಿದ್ದುದೂ ಅಂದೇ. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಅವರ ಗೇಣಿಯ ಲೆಕ್ಕವೂ ಬೀಳುವುದೆಂದು ನಮ್ಮವರು ಬಹಳ ಸಂತೋಷಪಟ್ಟರು. ನನ್ನ ಗಮನವಿದ್ದುದು ಬೇರೆ ಲೆಕ್ಕದ ಮೇಲೆ. ಒಂದು ಶಾಲೆಯ ಕಛೇರಿಯಲ್ಲಿ ಜಮಾಖರ್ಚು ಬರೆಯುವವಳು ನಾನು. ಮನೆಯ ಕಾಗದಪತ್ರವೂ ಸಹಜವಾಗಿ ನನ್ನ ಪಾಲಿಗೇ ಬಂದಿತ್ತು. ಕೊಂಡ ದಿನ ಆ ಲೀಸಿನಲ್ಲಿ ಉಳಿದಿದ್ದುದು 82 ವರ್ಷ, ನಾಲ್ಕು ತಿಂಗಳು.

ಎಂಬತ್ತೆರಡು ವರ್ಷವೆಂದರೆ ಕಡಿಮೆಯೆ? ನಮ್ಮ ಆಯುಸ್ಸು ಮುಗಿದು, ಮಗಳ ಆಯುಸ್ಸಿನ ಬಹುಪಾಲೂ ಮುಗಿಯುವಷ್ಟಾಯಿತು. ಆದರೆ ಈ ದೇಶದ ಕಾನೂನಿನಲ್ಲಿ ಎಂಬತ್ತು ಎಂಬುದು ಒಂದು ಲಕ್ಷ್ಮಣರೇಖೆ. 1993ರ ಕಾಯಿದೆಯೊಂದು ಫ್ಲ್ಯಾಟುಗಳ ಲೀಸುದಾರರಿಗೆ ತಮ್ಮ ಅವಧಿಗೆ ಇನ್ನೂ 90 ವರ್ಷ ಸೇರಿಸಿಕೊಳ್ಳುವ ಹಕ್ಕನ್ನು ಕೊಟ್ಟಿತು. ಒಡೆಯ ಒಲ್ಲೆನೆನ್ನುವಂತಿಲ್ಲ, ಅವನಿಗೆ ನ್ಯಾಯವಾದ ಬೆಲೆಯನ್ನು ಕೊಟ್ಟರಾಯಿತು. ಆದರೆ ನೋಟೀಸು ಕೊಡುವ ದಿನ ಲೀಸಿನಲ್ಲಿ 80 ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ ಒಂದು ಬೆಲೆ, ಇಲ್ಲವಾದರೆ ಇನ್ನೊಂದು. ಅವಧಿ ಬೆಳೆದಾಗ ಒಡೆಯನ ಹಕ್ಕು, ಲೀಸುದಾರನ ಹಕ್ಕು ಎರಡೂ ಸೇರಿ ಫ್ಲ್ಯಾಟಿನ ಮೌಲ್ಯ ಏರುತ್ತದಷ್ಟೆ? ಆ ಏರಿಕೆಗೆ ಇಲ್ಲಿಯ ವಕೀಲರು ಇಟ್ಟ ಹೆಸರು ‘ಮ್ಯಾರೇಜ್ ವ್ಯಾಲ್ಯೂ’, ಎಂದರೆ ಮದುವೆಯ ಮೌಲ್ಯ. ಎಂಬತ್ತರ ಗೆರೆಯಿಂದ ಕೆಳಗಿಳಿದವರು ಆ ಏರಿಕೆಯಲ್ಲಿ ಅರ್ಧವನ್ನು ಒಡೆಯನಿಗೆ ಸುರಿಯಬೇಕು.

ನಮಗೆ ಗೊತ್ತಿದ್ದ ಇನ್ನೊಂದು ನಿಯಮವಿತ್ತು. ಆಗಿನ ಕಾನೂನಿನಂತೆ ಕೊಂಡವರು ಎರಡು ವರ್ಷ ಒಡೆತನ ನಡೆಸಿದ ಮೇಲೆಯೇ ಈ ಹಕ್ಕು ಹುಟ್ಟುತ್ತಿತ್ತು, ಅದೂ ಭೂದಾಖಲೆಯ ಕಛೇರಿಯಲ್ಲಿ ಹೆಸರು ನೋಂದಾಯಿತವಾದ ದಿನದಿಂದ ಎಣಿಸಿ. ಮಾರುವವರೇ ನೋಟೀಸು ಕೊಟ್ಟು ಅದರ ಫಲವನ್ನು ಕೊಳ್ಳುವವರಿಗೆ ಬರೆದುಕೊಡುವ ಉಪಾಯವೂ ಉಂಟು. ನಮಗೆ ಮಾರಿದವರು ಬೇರೆ ಊರಿಗೆ ಹೊರಟು ನಿಂತಿದ್ದರು. ಅಷ್ಟು ಕಾಯುವ ತಾಳ್ಮೆ ಅವರಿಗಿರಲಿಲ್ಲ. ಬೆಲೆಯಲ್ಲಿ ಕೊಂಚ ಬಿಟ್ಟುಕೊಟ್ಟರು, ನಾವು ಒಪ್ಪಿದೆವು. ನಮ್ಮ ಹೆಸರು ನೋಂದಾಯಿತವಾದುದು 2015ರ ಡಿಸೆಂಬರ್ 18ರಂದು. ಆದುದರಿಂದ ನೋಟೀಸು ಕೊಡುವ ಹಕ್ಕು ಹುಟ್ಟುವುದು 2017ರ ಡಿಸೆಂಬರ್ 18ಕ್ಕೆ, ಎಂಬತ್ತರ ಗೆರೆ ದಾಟುವುದು 2018ರ ಮಾರ್ಚ್ 24ಕ್ಕೆ. ನಡುವೆ ಇದ್ದುದು ಹದಿನಾಲ್ಕು ವಾರ. ಆ ಎರಡು ದಿನಾಂಕಗಳನ್ನು ಕೆಂಪು ಶಾಯಿಯಲ್ಲಿ ಬರೆದು ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿಸಿದೆ. ಎರಡು ವರ್ಷ ಸಾಸಿವೆ ಡಬ್ಬಿ ತೆಗೆದಾಗಲೆಲ್ಲ ಅವುಗಳ ದರ್ಶನವಾಗುತ್ತಿತ್ತು.

2017ರ ಅಕ್ಟೋಬರಿನಲ್ಲಿ ನಮ್ಮ ಅತ್ತೆಯವರು ಉಡುಪಿಯ ಕಡೆಯಿಂದ ಆರು ತಿಂಗಳ ಮಟ್ಟಿಗೆ ಬಂದರು. ಎಪ್ಪತ್ತೆಂಟು ವರ್ಷ ವಯಸ್ಸು. ಕಣ್ಣು, ಕಿವಿ, ನಾಲಗೆ ಮೂರೂ ಚುರುಕು. ಬಂದ ಮೂರನೆಯ ದಿನ ಕಪಾಟಿನ ಬಾಗಿಲಿನ ಕೆಂಪು ಅಕ್ಷರ ಅವರ ಕಣ್ಣಿಗೆ ಬಿದ್ದಿತು. “ಇದೇನು ಮಗೂ, ಯಾರ ತಿಥಿ ಇದು?” ಎಂದರು. ನಾನು ನಗುತ್ತ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವರು ನಗಲಿಲ್ಲ.

“ಹಾಗಾದರೆ ಇದು ಮೂಲಗೇಣಿಯಲ್ಲ, ವಾಯಿದೆ ಗೇಣಿ,” ಎಂದರು.

ಬೆಲೆಕಟ್ಟುವ ತಜ್ಞರೂ ವಕೀಲರೂ ಮುಂದೆ ಹಲವು ಪುಟಗಳಲ್ಲಿ ನನಗೆ ತಿಳಿಸಿದ ಸಂಗತಿಯನ್ನು ಅತ್ತೆಯವರು ಒಂದೇ ಮಾತಿನಲ್ಲಿ ಮುಗಿಸಿದ್ದರು. ದಕ್ಷಿಣ ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದ ಓದುಗರಿಗಾಗಿ ಹೇಳುವುದಾದರೆ, ಗೊತ್ತುಪಡಿಸಿದ ಗೇಣಿಯನ್ನು ಕೊಡುತ್ತ ವಂಶಪಾರಂಪರ್ಯವಾಗಿ, ಶಾಶ್ವತವಾಗಿ ಅನುಭವಿಸುವುದು ಮೂಲಗೇಣಿ. ಇಂತಿಷ್ಟು ವರ್ಷವೆಂದು ಕರಾರು ಮಾಡಿಕೊಂಡದ್ದು ವಾಯಿದೆ ಗೇಣಿ. ಧಣಿಯ ಮರ್ಜಿಯಿರುವವರೆಗೆ ಉಳುವುದು ಚಾಲಗೇಣಿ. ಅತ್ತೆಯವರ ತವರಿನ ಗದ್ದೆಗಳು ಚಾಲಗೇಣಿಯವು. ಅವರ ತಂದೆ ವರ್ಷವರ್ಷವೂ ಧಣಿಗಳ ಅಂಗಳಕ್ಕೆ ಮುಡಿ ಅಕ್ಕಿಯನ್ನು ಹೊರಿಸಿಕೊಂಡು ಹೋಗಿ, ಅಳತೆ ಮುಗಿಯುವವರೆಗೆ ನಿಂತೇ ಇರುತ್ತಿದ್ದರಂತೆ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಒಡೆಯನೆಂದು ಸಾರಿದಾಗ, ಆತ ‘ಡಿಕ್ಲರೇಶನ್’ ಕೊಡಲೋ ಬೇಡವೋ ಎಂದು ಒಂದು ವಾರ ನಿದ್ದೆಗೆಟ್ಟರಂತೆ. ಅನ್ನ ಹಾಕಿದ ಧಣಿಗಳ ಮೇಲೆ ಅರ್ಜಿ ಹಾಕುವುದೇ ಎಂದು ಒಂದು ಮನಸ್ಸು, ಮಕ್ಕಳ ಗತಿಯೇನೆಂದು ಇನ್ನೊಂದು. “ಕಡೆಗೆ ಅಮ್ಮನೇ ಹೇಳಿದಳು, ಕಾನೂನು ಬಂದಿರುವುದು ನಿಮ್ಮೊಬ್ಬರಿಗಲ್ಲ, ಕೊಟ್ಟು ಬನ್ನಿ ಎಂದು. ನೀನೂ ಹೆದರಬೇಡ, ನೋಟೀಸು ಕೊಡು,” ಎಂದರು ಅತ್ತೆ. ಅವರ ಪಾಲಿಗೆ ನಮ್ಮ ನೋಟೀಸೂ ಒಂದು ಡಿಕ್ಲರೇಶನ್ನೇ ಆಯಿತು.

ಇಷ್ಟು ದೊಡ್ಡ ದೇಶದಲ್ಲಿ ಫ್ಲ್ಯಾಟನ್ನು ನೇರವಾಗಿ ಮಾರಿಬಿಡಲು ಏನು ಅಡ್ಡಿ ಎಂದು ಅವರು ಕೇಳಿದ ಪ್ರಶ್ನೆಗೆ ಉತ್ತರ ಸ್ವಲ್ಪ ಸೂಕ್ಷ್ಮವಾದುದು. ಛಾವಣಿ ರಿಪೇರಿ ಮಾಡಿಸುತ್ತೇನೆ, ಮೆಟ್ಟಿಲಿಗೆ ಪಾಲು ಹಣ ಕೊಡುತ್ತೇನೆ ಎಂಬಂಥ ಒಪ್ಪಂದಗಳು ಇಂಗ್ಲಿಷ್ ಕಾನೂನಿನಲ್ಲಿ ಪೂರ್ಣ ಒಡೆತನದ ಆಸ್ತಿಯನ್ನು ಮುಂದೆ ಕೊಳ್ಳುವವರನ್ನು ತಾವಾಗಿಯೇ ಕಟ್ಟಿಹಾಕುವುದಿಲ್ಲ. ಲೀಸಿನಲ್ಲಿ ಬರೆದರೆ ಕಟ್ಟಿಹಾಕುತ್ತವೆ. ಒಬ್ಬರ ತಲೆಯ ಮೇಲೆ ಇನ್ನೊಬ್ಬರ ನೆಲವಿರುವ ಕಟ್ಟಡದಲ್ಲಿ ಇದು ದೊಡ್ಡ ಮಾತು. ನಮ್ಮಲ್ಲಿ 1972ರ ಅಪಾರ್ಟ್‌ಮೆಂಟ್ ಕಾಯಿದೆಯಿಂದಾಗಿ ಪ್ರತಿಯೊಬ್ಬರಿಗೂ ನೆಲದಲ್ಲಿ ಅವಿಭಜಿತ ಪಾಲು ದೊರೆಯುತ್ತದೆ. ಇಲ್ಲಿಯೂ 2002ರಲ್ಲಿ ‘ಕಾಮನ್‌ಹೋಲ್ಡ್’ ಎಂಬ ಅಂಥದೇ ಒಂದು ಏರ್ಪಾಟನ್ನು ತಂದರು. ಕಟ್ಟುವವರು ಅದರತ್ತ ತಿರುಗಿಯೂ ನೋಡಲಿಲ್ಲ. ಒಮ್ಮೆ ಮಾರಿ ಕೈತೊಳೆದುಕೊಳ್ಳುವುದಕ್ಕಿಂತ, ಮಾರಿಯೂ ಒಡೆಯನಾಗಿ ಉಳಿಯುವುದು ಯಾರಿಗೆ ಬೇಡ?

ಹಾಗೆ ಉಳಿದವರಲ್ಲಿ ಹಳೆಯ ಮನೆತನಗಳೂ ಇವೆ. 1677ರಲ್ಲಿ ಸರ್ ಥಾಮಸ್ ಗ್ರೋವ್ನರ್ ಎಂಬಾತ ಮೇರಿ ಡೇವಿಸ್ ಎಂಬ ಹನ್ನೆರಡು ವರ್ಷದ ಹುಡುಗಿಯನ್ನು ಮದುವೆಯಾದ. ಅವಳ ಪಾಲಿಗೆ ಬಂದಿದ್ದ ಜೌಗು, ಹುಲ್ಲುಗಾವಲುಗಳೇ ಮುಂದೆ ಲಂಡನ್ನಿನ ಮೇಫೇರ್, ಬೆಲ್‌ಗ್ರೇವಿಯಾ ಬಡಾವಣೆಗಳಾದುವು. ನೆಲವನ್ನು ಮಾರದೆ, ಕಟ್ಟುವವರಿಗೆ ವಾಯಿದೆಯ ಮೇಲೆ ಕೊಟ್ಟು, ವಾಯಿದೆ ಮುಗಿದಾಗ ಮನೆಗಳೊಡನೆ ಹಿಂದಕ್ಕೆ ಪಡೆದು ಆ ಮನೆತನ ಬೆಳೆಯಿತು; ವೆಸ್ಟ್‌ಮಿನ್‌ಸ್ಟರಿನ ಡ್ಯೂಕರು ಅದೇ ವಂಶದವರು. 1967ರಲ್ಲಿ ಪಾರ್ಲಿಮೆಂಟು ಬಿಡಿಮನೆಗಳ ಲೀಸುದಾರರಿಗೆ ಒಡೆತನ ಕೊಳ್ಳುವ ಹಕ್ಕನ್ನು ಕೊಟ್ಟಾಗ ಆ ಜಹಗೀರಿನ ವಿಶ್ವಸ್ತರು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು, 1986ರಲ್ಲಿ ಸೋತರು. 1993ರಲ್ಲಿ ಫ್ಲ್ಯಾಟುಗಳ ಸರದಿ ಬಂದಾಗ ಅಂದಿನ ಡ್ಯೂಕರು ಕನ್ಸರ್ವೇಟಿವ್ ಪಕ್ಷವನ್ನೇ ಬಿಟ್ಟರು. ನಮ್ಮಲ್ಲಿಯೂ ಭೂಸುಧಾರಣೆಯ ಕಾಲಕ್ಕೆ ಕೆಲವು ಧಣಿಗಳು ಮುನಿಸಿಕೊಂಡದ್ದುಂಟೆಂದು ಅತ್ತೆಯವರು ಸಮಾಧಾನ ಹೇಳಿದರು. ಯಾರಿಗೆ ಸಮಾಧಾನವೋ ನನಗೆ ತಿಳಿಯಲಿಲ್ಲ.

ನಮ್ಮ ಕಟ್ಟಡದ ಒಡೆಯರು ಡ್ಯೂಕರಲ್ಲ, ಮುಖ ಕಾಣದ ಒಂದು ಕಂಪೆನಿ. ವರ್ಷಕ್ಕೆ 150 ಪೌಂಡು ನೆಲಬಾಡಿಗೆಯ ಬಿಲ್ಲು ಬರುವಾಗ ಮಾತ್ರ ಅದರ ಇರವು ಅರಿವಿಗೆ ಬರುತ್ತಿತ್ತು. ಆ ವರ್ಷದ ಕ್ರಿಸ್‌ಮಸ್ಸಿಗೆ ಒಂದು ವಾರ ಮುಂಚೆ, ನಾವು ಇನ್ನೂ ನೋಟೀಸಿನ ಮಾತೆತ್ತುವ ಮೊದಲೇ, ಅದರಿಂದ ಒಂದು ಸವಿಯಾದ ಕಾಗದ ಬಂದಿತು. ವಕೀಲರು, ತಜ್ಞರು, ಕಾಯಿದೆ ಯಾವುದರ ತೊಡಕೂ ಬೇಡ. 4,500 ಪೌಂಡು ಕೊಟ್ಟರೆ ಲೀಸನ್ನು 125 ವರ್ಷಕ್ಕೆ ಏರಿಸಿಕೊಡುತ್ತೇವೆ. ನೆಲಬಾಡಿಗೆ ಮಾತ್ರ ಇನ್ನು ಮೇಲೆ 250 ಪೌಂಡು, ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟು. ನಮ್ಮವರ ಮುಖ ಅರಳಿತು. ನಮ್ಮಲ್ಲಿ ಆಗ ಇದ್ದ ಗಂಟು ಮಗಳ ವಿಶ್ವವಿದ್ಯಾಲಯಕ್ಕೆಂದು ಕೂಡಿಟ್ಟಿದ್ದ 13,000 ಪೌಂಡು. ಕಾನೂನಿನ ದಾರಿಯಲ್ಲಿ ಹೋದರೆ ಅದು ಬರಿದಾಗುವುದು ಖಂಡಿತ. ಈ ದಾರಿಯಲ್ಲಿ ಮುಕ್ಕಾಲು ಪಾಲಿಲ್ಲದಿದ್ದರೂ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ.

“ದುಪ್ಪಟ್ಟು ಎಂದರೆ ಎಷ್ಟಾಗುತ್ತದೆ, ಬರೆದು ನೋಡು,” ಎಂದರು ಅತ್ತೆ.

ಬರೆದೆ. ಐವತ್ತು ವರ್ಷಕ್ಕೆ ವರ್ಷದ ಬಾಡಿಗೆ 8,000 ಪೌಂಡು. ನೂರು ವರ್ಷಕ್ಕೆ 2,56,000. ಚದುರಂಗದ ಮನೆಗಳಲ್ಲಿ ಅಕ್ಕಿಕಾಳನ್ನು ಇಮ್ಮಡಿಸುತ್ತ ಹೋದ ಕಥೆಯನ್ನು ಬಾಲ್ಯದಲ್ಲಿ ಕೇಳಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಕಾನೂನಿನಂತೆ ವಿಸ್ತರಿಸಿದ ಲೀಸಿನಲ್ಲಾದರೋ ನೆಲಬಾಡಿಗೆ ಪೂರ್ತಿ ಅಳಿಸಿಹೋಗುತ್ತದೆ. ಮಗಳು ಮೇಜಿನ ಆ ಬದಿಯಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದವಳು, “ನಾನು ವಿದ್ಯಾರ್ಥಿಗಳ ಸಾಲ ತೆಗೆದುಕೊಳ್ಳುತ್ತೇನೆ ಅಪ್ಪ, ನನ್ನ ಸ್ನೇಹಿತೆಯರೆಲ್ಲ ತೆಗೆದುಕೊಳ್ಳುತ್ತಾರೆ,” ಎಂದಳು. ನಮ್ಮವರು ಎದ್ದು ಹೋಗಿ ಕಿಟಕಿಯ ಬಳಿ ಬಹಳ ಹೊತ್ತು ನಿಂತಿದ್ದರು. ಮಕ್ಕಳಿಗೆ ಸಾಲ ಹೊರಿಸಬಾರದೆಂಬುದು ಅವರ ತಂದೆಯವರ ಕಾಲದಿಂದ ಬಂದ ಹಟ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಅವರೇ ವಕೀಲರಿಗೆ ಫೋನು ಮಾಡಿದರು.

ಈ ದೇಶದಲ್ಲಿ ಕ್ರಿಸ್‌ಮಸ್ ಎಂದರೆ ಹತ್ತು ದಿನ ಯಾವ ಕಛೇರಿಯೂ ಉಸಿರಾಡುವುದಿಲ್ಲ. ಜನವರಿಯಲ್ಲಿ ಬೆಲೆಕಟ್ಟುವ ತಜ್ಞರು ಬಂದು ಕೋಣೆಗಳನ್ನು ಅಳೆದರು. ಅತ್ತೆಯವರು ಕೊಟ್ಟ ಕಾಫಿಯನ್ನು ಎರಡು ಲೋಟ ಕುಡಿದು, ಲೆಕ್ಕದ ರಹಸ್ಯವನ್ನು ನನಗೆ ತಿಳಿಸಿಕೊಟ್ಟರು. ಅವಧಿ ಬೆಳೆದ ಮೇಲೆ ಈ ಫ್ಲ್ಯಾಟು 3,20,000 ಪೌಂಡು ಬಾಳುತ್ತದೆಂದು ಇಟ್ಟುಕೊಳ್ಳೋಣ. ವಿಸ್ತರಿಸದಿದ್ದರೆ ಎಂಬತ್ತು ವರ್ಷದ ಮೇಲೆ ಅದು ಒಡೆಯನಿಗೆ ಸೇರಬೇಕಾದುದು. ಎಂಬತ್ತು ವರ್ಷದಾಚೆಯ ಆ ಹಣಕ್ಕೆ ಇಂದಿನ ಬೆಲೆಯೆಷ್ಟು? ಫ್ಲ್ಯಾಟುಗಳಿಗೆ ವರ್ಷಕ್ಕೆ ನೂರಕ್ಕೆ ಐದರಂತೆ ಹಿಂದಕ್ಕೆ ಎಣಿಸಬೇಕೆಂದು 2006ರಲ್ಲಿ ಲಂಡನ್ನಿನ ಲ್ಯಾಂಡ್ಸ್ ಟ್ರಿಬ್ಯೂನಲ್ ತೀರ್ಪಿತ್ತಿದೆ. ಹಾಗೆ ಎಣಿಸಿದರೆ ಮೂರು ಲಕ್ಷ ಇಪ್ಪತ್ತು ಸಾವಿರ ಕರಗಿ ಕರಗಿ ಸುಮಾರು 6,400ಕ್ಕೆ ನಿಲ್ಲುತ್ತದೆ. ಅದಕ್ಕೆ ಒಡೆಯ ಕಳೆದುಕೊಳ್ಳುವ ನೆಲಬಾಡಿಗೆಯ ಬೆಲೆಯಾಗಿ ಎರಡು ಸಾವಿರ ಚಿಲ್ಲರೆ. ಒಟ್ಟು ಎಂಟೂವರೆ ಸಾವಿರದ ಆಸುಪಾಸು. ಗೆರೆ ದಾಟಿದರೆ ‘ಮದುವೆಯ ಮೌಲ್ಯ’ವೆಂದು ಇನ್ನೂ ಐದಾರು ಸಾವಿರ ಬೀಳುತ್ತದೆ. ಇದನ್ನು ಅನುವಾದಿಸಿ ಹೇಳಿದಾಗ ಅತ್ತೆ, “ಮದುವೆಯೆಂದ ಮೇಲೆ ವರೋಪಚಾರ ಕೇಳದೆ ಬಿಡುತ್ತಾರೆಯೆ!” ಎಂದರು. ತಜ್ಞರಿಗೆ ಇದನ್ನು ಇಂಗ್ಲಿಷಿನಲ್ಲಿ ತಿಳಿಸುವುದು ನನ್ನಿಂದಾಗಲಿಲ್ಲ.

ನೋಟೀಸಿನಲ್ಲಿ ಒಡೆಯನ ಹೆಸರು, ವಿಳಾಸ ಕರಾರುವಾಕ್ಕಾಗಿರಬೇಕು. ಬಿಲ್ಲು ಕಳಿಸುತ್ತಿದ್ದವರು ಬರಿಯ ಏಜೆಂಟರು. ಮೂರು ಪೌಂಡು ಶುಲ್ಕ ಕಟ್ಟಿ ಭೂದಾಖಲೆಯನ್ನು ತೆಗೆಸಿದರೆ ಒಡೆತನವಿದ್ದುದು ಬೇರೊಂದು ಹೆಸರಿನಲ್ಲಿ, ವಿಳಾಸ ಬೇರೊಂದು ಊರಿನಲ್ಲಿ. ದೋಷವಿರುವ ನೋಟೀಸು ಬಿದ್ದುಹೋದರೆ ಮತ್ತೆ ಹೊಸದನ್ನು ಕೊಡಬೇಕು. ಅಷ್ಟರಲ್ಲಿ ಮಾರ್ಚ್ ತಿಂಗಳೇ ದಾಟಿಹೋದೀತು. ವಕೀಲರು ಎಲ್ಲವನ್ನೂ ಎರಡೆರಡು ಸಲ ಪರೀಕ್ಷಿಸಿ, ಫೆಬ್ರವರಿ 28ರಂದು ಎರಡೂ ವಿಳಾಸಗಳಿಗೆ ನೋಟೀಸನ್ನು ಕಳಿಸಿದರು. ಆ ವಾರವೇ ರಷ್ಯದ ಕಡೆಯಿಂದ ಚಳಿಗಾಳಿ ನುಗ್ಗಿ ಇಂಗ್ಲೆಂಡೆಲ್ಲ ಹಿಮದಲ್ಲಿ ಹೂತುಹೋಯಿತು. ರೈಲುಗಳು ನಿಂತುವು. ಕಾಗದ ತಲುಪಿತೆಂಬ ರಶೀದಿ ಬರುವ ತನಕ ನಮ್ಮವರು ದಿನಕ್ಕೆ ಹತ್ತು ಸಲ ಫೋನನ್ನು ನೋಡುತ್ತಿದ್ದರು. ಅತ್ತೆಯವರು ಮಾತ್ರ ಕಿಟಕಿಯಾಚೆ ಬೀಳುವ ಹಿಮವನ್ನು ನೋಡುತ್ತ, ಒಂದು ಡಿಕ್ಲರೇಶನ್ನಿಗೆ ಇಷ್ಟು ತೊಂದರೆ ತಮ್ಮ ತಂದೆಗೂ ಆಗಿರಲಿಲ್ಲವೆಂದು ಗೊಣಗಿದರು. ಅಲ್ಲಿ ಅಡ್ಡ ಬಂದಿದ್ದುದು ಮಳೆಗಾಲವೊಂದೇ ಅಂತೆ. ಮಾರ್ಚ್ 5ಕ್ಕೆ ಎರಡೂ ರಶೀದಿಗಳು ಕೈಸೇರಿದುವು.

ಅನಂತರದ ಜಗ್ಗಾಟ ದೀರ್ಘವಾದರೂ ಹೇಳುವಂಥದೇನಲ್ಲ. ಒಡೆಯರ ಪ್ರತಿನೋಟೀಸು ವಾಯಿದೆಯ ಕೊನೆಯ ದಿನದ ಹಿಂದಿನ ಸಂಜೆ ಬಂದಿತು. ನಮ್ಮ ಹಕ್ಕನ್ನು ಒಪ್ಪಿದ್ದರು. ಬೆಲೆ ಮಾತ್ರ 15,800. ನಾವು ಹೇಳಿದ್ದುದು 7,000. ಒಮ್ಮತವಾಗದಿದ್ದರೆ ಆರು ತಿಂಗಳೊಳಗಾಗಿ ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕತಕ್ಕದ್ದು. ಐದು ತಿಂಗಳು ಕಾಗದಗಳು ಓಡಾಡಿ, ಕಡೆಗೆ 9,200ಕ್ಕೆ ಮಾತು ನಿಂತಿತು. ನಮ್ಮ ವಕೀಲರು, ನಮ್ಮ ತಜ್ಞರು ಸಾಲದೆಂಬಂತೆ ಅವರ ವಕೀಲರ, ಅವರ ತಜ್ಞರ ನ್ಯಾಯವಾದ ಖರ್ಚೂ ನಮ್ಮದೇ. ಆಗಿನ ನಿಯಮವೇ ಹಾಗಿತ್ತು. ಹದಿಮೂರು ಸಾವಿರದ ಗಂಟಿನಲ್ಲಿ ಉಳಿದುದು ಮುನ್ನೂರು ಪೌಂಡಿಗಿಂತ ಕಡಿಮೆ. ಮಗಳು ಸಾಲದ ಮೇಲೆಯೇ ಲೀಡ್ಸಿಗೆ ಹೋದಳು. ಹೋಗುವ ದಿನ ತಂದೆಗೆ ಒಂದು ಮಾತನ್ನೂ ಅನ್ನಲಿಲ್ಲ. ಅದೇ ಅವರಿಗೆ ಹೆಚ್ಚು ಕಷ್ಟವಾಯಿತೆಂದು ತೋರುತ್ತದೆ.

2019ರ ಜನವರಿಯಲ್ಲಿ ಹೊಸ ಲೀಸು ಕೈಗೆ ಬಂದಿತು. ಅವಧಿ 2188ರ ಮಾರ್ಚ್ 24ರವರೆಗೆ. ನೆಲಬಾಡಿಗೆಯ ಜಾಗದಲ್ಲಿ ಒಂದು ವಿಚಿತ್ರವಾದ ಮಾತಿತ್ತು: ವರ್ಷಕ್ಕೆ ಒಂದು ಕರಿಮೆಣಸಿನ ಕಾಳು, ಅದೂ ಒಡೆಯ ಕೇಳಿದರೆ. ಪ್ರತಿಫಲವಿಲ್ಲದ ಕರಾರು ಕರಾರೇ ಅಲ್ಲವೆಂಬುದು ಈ ಜನರ ಹಳೆಯ ನಂಬಿಕೆ. ಆದುದರಿಂದ ಬಾಡಿಗೆಯೇನೂ ಇಲ್ಲವೆನ್ನುವ ಬದಲು ಒಂದು ಮೆಣಸುಕಾಳೆಂದು ಬರೆಯುತ್ತಾರೆ. ಮೆಣಸಿಗೆ ಬಂಗಾರದ ಬೆಲೆಯಿದ್ದ ಕಾಲವೂ ಇತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದುದು ಸುಮ್ಮನೆ ಅಲ್ಲ. ಫೋನಿನಲ್ಲಿ ಸಂಗತಿಯನ್ನು ಕೇಳಿದ ಅತ್ತೆ ಬಿದ್ದು ಬಿದ್ದು ನಕ್ಕರು. ಮುಂದಿನ ತಿಂಗಳು ಊರಿನಿಂದ ಬಂದವರ ಕೈಯಲ್ಲಿ ಹಿತ್ತಲಿನ ಒಳ್ಳೆಮೆಣಸು ಅರ್ಧ ಸೇರು ಬಂದಿತು, “2188ರವರೆಗಿನ ಗೇಣಿ ಸಂದಾಯ” ಎಂಬ ಚೀಟಿಯೊಡನೆ. ಒಡೆಯರು ಇದುವರೆಗೂ ಕೇಳಿಲ್ಲ. ಸಾರಿಗೆ ಅದನ್ನು ಎಂದೋ ಮುಗಿಸಿದ್ದೇವೆ.

ನೆಲಮಾಳಿಗೆಯ ಮೇಲಿನ ಫ್ಲ್ಯಾಟಿನಲ್ಲಿ ಒಬ್ಬ ಇಂಗ್ಲಿಷ್ ವಿಧವೆಯಿದ್ದಾರೆ. ಕಟ್ಟಡ ಎದ್ದಂದಿನಿಂದಲೂ ಅಲ್ಲಿಯೇ ಇರುವವರು. ನಮ್ಮಷ್ಟೇ ಅವಧಿಯ ಲೀಸು. ನಾವು ನೋಟೀಸು ಕೊಟ್ಟ ವರ್ಷ ಆಕೆಯ ಗಂಡ ಆಸ್ಪತ್ರೆಯಲ್ಲಿದ್ದರು. ಗೆರೆ, ದಿನಾಂಕ ಯಾವುದನ್ನೂ ನೋಡುವ ಸ್ಥಿತಿಯಲ್ಲಿ ಆಕೆಯಿರಲಿಲ್ಲ. ಈಗ ಫ್ಲ್ಯಾಟನ್ನು ಮಾರಿ ಮಗನ ಊರಿಗೆ ಹೋಗಬೇಕೆಂಬ ಆಸೆ. ಅವಧಿ ಎಪ್ಪತ್ತರ ಕಡೆಗೆ ಜಾರುತ್ತಿರುವುದರಿಂದ, ಕೊಳ್ಳಲು ಬಂದವರಿಗೆ ಬ್ಯಾಂಕಿನವರು ಸಾಲ ಕೊಡಲು ಹಿಂದೆಮುಂದೆ ನೋಡುತ್ತಾರೆ. 2024ರಲ್ಲಿ ಪಾರ್ಲಿಮೆಂಟು ಹೊಸ ಕಾಯಿದೆಯೊಂದನ್ನು ಒಪ್ಪಿತು. ಅದರಂತೆ ವಿಸ್ತರಣೆ ತೊಂಬತ್ತಲ್ಲ, 990 ವರ್ಷ. ಮದುವೆಯ ಮೌಲ್ಯ ರದ್ದು. ಎರಡು ವರ್ಷ ಕಾಯಬೇಕೆಂಬ ನಿಯಮ 2025ರ ಜನವರಿ 31ಕ್ಕೆ ಹೋಯಿತು. ಮದುವೆಯ ಮೌಲ್ಯವನ್ನು ತೆಗೆಯುವ ಭಾಗ ಮಾತ್ರ 2025 ಮುಗಿದರೂ ಜಾರಿಗೆ ಬರಲಿಲ್ಲ. ಭೂಮಾಲೀಕರು ಹೂಡಿದ ಮೊಕದ್ದಮೆಯನ್ನು ಆ ವರ್ಷದ ಅಕ್ಟೋಬರಿನಲ್ಲಿ ಹೈಕೋರ್ಟು ತಳ್ಳಿಹಾಕಿದಾಗ ಆಕೆ ನಮ್ಮ ಬಾಗಿಲು ತಟ್ಟಿ, ಪತ್ರಿಕೆಯ ಆ ತುಣುಕನ್ನು ತೋರಿಸಿದರು.

ಇಂದೇ ವಿಸ್ತರಿಸಿಕೊಂಡರೆ ಮದುವೆಯ ಮೌಲ್ಯವನ್ನು ತೆರಬೇಕು. ಕಾದರೆ ಅದು ಉಳಿಯಬಹುದು, ಆದರೆ ಕಾಯುವ ಒಂದೊಂದು ವರ್ಷವೂ ಲೀಸಿನಿಂದ ಕಳೆಯುತ್ತದೆ. ಆಕೆಯ ವಯಸ್ಸಿಗೆ ಸೇರುತ್ತದೆ. ಎರಡು ಲೆಕ್ಕಗಳನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕದಲ್ಲಿ ಬರೆದುಕೊಟ್ಟಿದ್ದೇನೆ. ಕಳೆದ ಭಾನುವಾರ ಹೋದಾಗ ಆ ಹಾಳೆ ಚಹಾದ ಪಾತ್ರೆಯ ಕೆಳಗಿತ್ತು, ಅಂಚಿನಲ್ಲಿ ಆಕೆಯ ಕೈಬರಹದಲ್ಲಿ ಮಗನ ಫೋನು ನಂಬರು.